ಹಳೆ 800ರ ಹೆಡ್ ಗ್ಯಾಸ್ಕೆಟ್: ಹೋಗಿದೆಯಾ, ಇಲ್ವಾ?

ಜುಲೈ, ಮೊದಲನೇ ಭಾನುವಾರ

ರೇಡಿಯೇಟರ್ ನೀರು ಮತ್ತೆ ಇಳಿದಿದೆ. ವಾರಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್. ಆದರೆ ಗಾಡಿ ಕೆಳಗೆ ಒಂದು ಹನಿಯೂ ಇಲ್ಲ.

ನಮ್ಮದು 1998ರ ಮಾರುತಿ 800. 796 ಸಿಸಿ, ಮೂರೇ ಸಿಲಿಂಡರ್. ಏಪ್ರಿಲ್‌ನಲ್ಲಿ ನೆಂಟರನ್ನು ತುಂಬಿಕೊಂಡು ಮುಳ್ಳಯ್ಯನಗಿರಿಗೆ ಹೊರಟಿದ್ದೆ. ಕೈಮರ ದಾಟಿ ಮೇಲೇರುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ಕೂತಿತ್ತು. ನೋಡಿದರೆ ರೇಡಿಯೇಟರ್ ಕ್ಯಾಪಿನ ರಬ್ಬರ್ ಸತ್ತಿತ್ತು. ಹೊಸ ಕ್ಯಾಪ್ ಹಾಕಿ ಮರೆತುಬಿಟ್ಟೆ. ಅದರ ಬಡ್ಡಿ ಈಗ ಕಟ್ಟುತ್ತಿದ್ದೇನೋ ಏನೋ.

ನಿನ್ನೆ ಚಿಕ್ಕಮಗಳೂರಿನಲ್ಲೇ ಒಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಆಯಿಲ್ ಕ್ಯಾಪ್ ತೆಗೆದು, ಒಳಗೆ ಅಂಟಿದ್ದ ಹಾಲು-ಟೀ ಬಣ್ಣದ ನೊರೆಯನ್ನು ಉಗುರಿನಲ್ಲಿ ಕೆರೆದು ತೋರಿಸಿದರು.

"ನೋಡಿ ಸಾರ್, ಆಯಿಲ್‌ಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಟ್ಟು ಹೋಗಿ, ಶನಿವಾರ ಕೊಡ್ತೀನಿ."

ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ; ಸಿಲಿಂಡರಿನ ಗ್ಯಾಸ್, ನೀರು, ಆಯಿಲ್ ಒಂದಕ್ಕೊಂದು ಸೇರದ ಹಾಗೆ ತಡೆಯುವುದು ಅದೇ. ಎಂಟೂವರೆ ಸಾವಿರ ಅಂದರು. ನೋಡಿದ್ದು ಎರಡೇ ನಿಮಿಷ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಗಾಡಿ ತಿರುಗಿಸಿಕೊಂಡು ಬಂದೆ.

ಮುಂದಿನ ವಾರ

ಆ ನೊರೆ ನನಗೆ ಸಮಾಧಾನ ಕೊಡಲಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿದರೆ ಆಯಿಲ್ ಚೊಕ್ಕವಾಗಿದೆ. ನೀರು ಸೇರಿದ್ದರೆ ಅಲ್ಲೂ ಬೆಳ್ಳಗಿರಬೇಕಿತ್ತು ಅಲ್ವಾ? ನಾನು ದಿನಾ ಓಡಿಸುವುದು ಆಫೀಸಿಗೆ ಮೂರು ಕಿಲೋಮೀಟರ್. ಈ ಮಳೆ, ಈ ಥಂಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತೆ. ಒಳಗಿನ ಆವಿ ತಣ್ಣನೆ ಕ್ಯಾಪಿಗೆ ತಾಗಿ ಆಯಿಲ್ ಜೊತೆ ಕಲೆತು ನೊರೆಯಾಗುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಚೆನ್ನಾಗಿರುವ ಗಾಡಿಯಲ್ಲೂ ಇದು ಇರುತ್ತೆ.

ಕ್ಯಾಪ್ ಒರೆಸಿ ಕಡೂರಿಗೆ ಹೋಗಿ ಬಂದೆ. ಹೋಗಿ ಬರುವುದು ಸುಮಾರು 80 ಕಿಲೋಮೀಟರ್. ನೊರೆ ಮಾಯ! ಮೆಕ್ಯಾನಿಕ್‌ಗೆ ಏನೂ ಗೊತ್ತಿಲ್ಲ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡೆ.

ಜುಲೈ, ಮೂರನೇ ಭಾನುವಾರ

ಜಂಬ ಇಳಿಯಿತು. ನೀರು ಇನ್ನೂ ಕಮ್ಮಿಯಾಗುತ್ತಲೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿದೆ. ರಾತ್ರಿಯಿಡೀ ತಣ್ಣಗಿದ್ದ ಗಾಡಿಯಲ್ಲಿ ಅದು ಮೆತ್ತಗಿರಬೇಕು. ಗಟ್ಟಿಯಾಗಿತ್ತು. ಅಂದರೆ ಒಳಗೆ ಯಾವುದೋ ಗ್ಯಾಸಿನ ಒತ್ತಡ ಉಳಿದಿದೆ.

ಪ್ಲಗ್ ಬಿಚ್ಚಿದೆ. ಒಂದು ಮತ್ತು ಎರಡನೆಯದು ಕಾಫಿಪುಡಿ ಬಣ್ಣ. ಮೂರನೆಯದು ತೊಳೆದಿಟ್ಟ ಹಾಗೆ ಬೆಳ್ಳಗಿದೆ, ಅಲ್ಲಿಗೆ ನೀರು ಹೋಗುತ್ತಿರಬೇಕು. ಸ್ನೇಹಿತನ ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮೀಟರ್) ತಂದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿಸಿದೆ. ಒಂದರಿಂದ ಮೂರರವರೆಗೆ 165, 160, 140 ಪಿಎಸ್‌ಐ; ಮೂರನೆಯದು ಕಮ್ಮಿ. ಮೂರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಒತ್ತಡ ಈಗ ಏರಬೇಕು. ಏರಲಿಲ್ಲ. ಅಂದರೆ ವಾಲ್ವ್, ಇಲ್ಲವೇ ಗ್ಯಾಸ್ಕೆಟ್.

ಕೊನೆಯ ಪರೀಕ್ಷೆ ಹೇಳಿಕೊಟ್ಟವರು ಪಕ್ಕದ ಬೀದಿಯ ಒಬ್ಬ ಹಿರಿಯರು. ಎಸ್ಟೇಟ್ ಜೀಪ್ ಓಡಿಸಿ ರಿಟೈರ್ ಆದವರು. "ಬೆಲ್ಟ್ ಬಿಚ್ಚಿ ಸ್ಟಾರ್ಟ್ ಮಾಡು ಮಾರಾಯ. ಪಂಪ್ ತಿರುಗಿದರೆ ನೀರು ಕುಣಿಯುತ್ತೆ, ಗುಳ್ಳೆ ಯಾವುದರದ್ದು ಅಂತ ಗೊತ್ತಾಗಲ್ಲ."

ತಣ್ಣನೆ ಇಂಜಿನ್. ಫ್ಯಾನ್ ಬೆಲ್ಟ್ ತೆಗೆದು, ರೇಡಿಯೇಟರ್ ಬಾಯಿವರೆಗೆ ನೀರು ತುಂಬಿ ಸ್ಟಾರ್ಟ್ ಮಾಡಿದೆವು. ಒಂದೇ ನಿಮಿಷ, ಜಾಸ್ತಿ ಬಿಟ್ಟರೆ ಹೀಟ್ ಆಗುತ್ತೆ. ನೀರು ಅಲ್ಲಾಡಲಿಲ್ಲ. ಆದರೆ ಸಣ್ಣ ಗುಳ್ಳೆ, ಸಾಲಾಗಿ, ಒಂದೇ ತಾಳದಲ್ಲಿ ಬಂದವು. ಆಫ್ ಮಾಡಿ ಮೂರನೇ ಪ್ಲಗ್ಗಿನ ಕೇಬಲ್ ಕಿತ್ತು ಅರ್ತ್ ಮಾಡಿ ಮತ್ತೆ ಸ್ಟಾರ್ಟ್. ಎರಡೇ ಸಿಲಿಂಡರ್‌ನಲ್ಲಿ ಗಾಡಿ ಗಡಗಡ ನಡುಗಿತು. ಗುಳ್ಳೆ ಮಾತ್ರ ಹೆಚ್ಚುಕಮ್ಮಿ ನಿಂತೇಹೋಯಿತು. ಅಂದರೆ ಮೂರನೇ ಸಿಲಿಂಡರಿನ ಗ್ಯಾಸೇ ನೀರಿಗೆ ಬರುತ್ತಿತ್ತು.

ಹಿರಿಯರು ಏನೂ ಹೇಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡರು.

ಈ ಶನಿವಾರ

ಅದೇ ಗ್ಯಾರೇಜಿಗೆ ಹೋದೆ. "ಆವತ್ತೇ ಹೇಳಿದ್ನಲ್ಲ ಸಾರ್" ಅಂದರು. ಹೇಳಿದ್ದರು, ನಿಜ. ನೊರೆ ನೋಡಿ ಹೇಳಿದ್ದರು ಅಂತ ವಾದ ಮಾಡಲು ಬಾಯಿ ತೆರೆದವನು ಸುಮ್ನಾದೆ. ಅವರ ಉತ್ತರ ಸರಿ ಇತ್ತು, ಲೆಕ್ಕ ಮಾತ್ರ ಬೇರೆ. ನನ್ನ ಲೆಕ್ಕ ಮುಗಿಯುವವರೆಗೆ ಎರಡು ವಾರ ಸಿಲಿಂಡರಿಗೆ ನೀರು ಕುಡಿಸುತ್ತಾ ಗಾಡಿ ಓಡಿಸಿದ್ದೇನೆ.

ಹಾಗಂತ ಷರತ್ತು ಬಿಡಲಿಲ್ಲ. ಹೆಡ್ ಬಿಚ್ಚಿದಾಗ ನಾನು ಎದುರಿಗಿರಬೇಕು, ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ ಹಂತಹಂತವಾಗಿ ಟಾರ್ಕ್ ರೆಂಚ್‌ನಲ್ಲೇ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಬೇಕು.

"ಕೈಗೇ ಗೊತ್ತಾಗುತ್ತೆ ಸಾರ್, ಇಪ್ಪತ್ತು ವರ್ಷದಿಂದ ಮಾಡ್ತಿದೀನಿ."

"ರೆಂಚ್ ನಾನೇ ತರ್ತೀನಿ ಬಿಡಿ."

ಮುಖ ಸಪ್ಪೆ ಮಾಡಿಕೊಂಡು ಒಪ್ಪಿದರು.

ಹೆಡ್ ಎತ್ತಿದಾಗ ಗ್ಯಾಸ್ಕೆಟ್‌ನಲ್ಲಿ ಮೂರನೇ ಸಿಲಿಂಡರಿನ ಬಳೆಯಿಂದ ಪಕ್ಕದ ನೀರಿನ ತೂತಿಗೆ ಒಂದು ಕಪ್ಪು ಗೆರೆ. ಬೆರಳಿನ ಉಗುರಿನಷ್ಟು ಅಗಲ, ಅಷ್ಟೇ. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಕೆಳಗಿನ ಸಂದಿಗೆ ಫೀಲರ್ ಗೇಜಿನ ತೆಳು ಎಲೆ ತೂರಿಸಿದೆವು. ಸಂದಿ 0.05 ಮಿಲಿಮೀಟರಿಗಿಂತ ಜಾಸ್ತಿ ಇರಬಾರದು. ಆ ಜಾಗದಲ್ಲಿ 0.10ರ ಎಲೆ ಸಲೀಸಾಗಿ ಹೋಯಿತು. ಕೈಮರದ ಏರಿನಲ್ಲಿ ಬಾಗಿದ್ದು. ಮೆಕ್ಯಾನಿಕ್ ಗೇಜನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ತೂರಿಸಿ ನೋಡಿದರು.

ಸೋಮವಾರ ಹೆಡ್ ಫೇಸಿಂಗ್‌ಗೆ, ಅಂದರೆ ಬಾಗಿದ ಮುಖ ಸಮ ಮಾಡಿಸಲು, ಹಾಸನದ ಲೇತ್‌ಗೆ ಹೋಗುತ್ತೆ. ಅಲ್ಲೇ ವಾಲ್ವ್ ಕೂಡ ನೋಡಿಸುತ್ತೇನೆ. ಅಲ್ಲಿಯವರೆಗೆ ಆಫೀಸಿಗೆ ಛತ್ರಿ ಹಿಡಿದು ನಡಿಗೆ.