ಗೊಡಚಿನಮಲ್ಕಿಗೆ ಹೊರಟವರು ಆಟೋ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ

ಮಳೆಗಾಲದ ಭಾನುವಾರ ಗೋಕಾಕ ಜಲಪಾತದ ಬಳಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ. ನನ್ನಂತೆ ಜನಜಂಗುಳಿ ಕಂಡರೆ ಆಗದವರು ಅಲ್ಲಿಂದ ಆಚೆ, ಗೋಕಾಕ ಊರಿಗೆ ಸುಮಾರು 15 ಕಿ.ಮೀ. ದೂರದ ಗೊಡಚಿನಮಲ್ಕಿ ಜಲಪಾತಕ್ಕೆ ಹೋಗಿ. ಇಲ್ಲಿ ಬೀಳುವುದು ಘಟಪ್ರಭೆಯ ಉಪನದಿ ಮಾರ್ಕಂಡೇಯ. ಮೊದಲು ಸುಮಾರು 25 ಮೀಟರ್ ಇಳಿದು, ಕಲ್ಲಿನ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು, ಮತ್ತೆ 20 ಮೀಟರ್ ಧುಮುಕುತ್ತದೆ.

ಹೋಗಿಬರುವ ಗಾಡಿಯ ಕಥೆಯೇ ಬೇರೆ. ಗೋಕಾಕದ ಬಸ್ ನಿಲ್ದಾಣದ ಹೊರಗೆ ಸಿಕ್ಕ ಆಟೋ ಚಾಲಕ ಎರಡೂ ಕಡೆಗೆ ಸೇರಿ 600 ರೂಪಾಯಿ ಎಂದ. "ಹೊತ್ತು ಮುಳುಗುವವರೆಗೂ ನೋಡಿ ಯಜಮಾನರೇ, ನಾನು ಇಲ್ಲೇ ಇರುತ್ತೇನೆ" ಎಂದು ಬೆಣ್ಣೆಯಂಥ ಮಾತು ಬೇರೆ. ಮರಳಿ ಬಂದಾಗ, ಕಾದದ್ದಕ್ಕೆ ಇನ್ನೂ 400 ಕೊಟ್ಟರೆ ಮಾತ್ರ ಗಾಡಿ ಚಾಲೂ ಮಾಡುತ್ತೇನೆ ಎಂದು ಪಟ್ಟು ಹಿಡಿದ. ಸುತ್ತ ಬೇರೆ ಗಾಡಿಯಿಲ್ಲ, ಬಸ್ಸಿನ ಸುಳಿವಿಲ್ಲ, ಮಳೆ ಹನಿಯುತ್ತಿದೆ. ಜೊತೆಗಿದ್ದ ಮಾವನವರು "ಕೊಟ್ಟುಬಿಡಪ್ಪ, ಮನೆ ಸೇರೋಣ" ಎಂದರು. ಕೊಟ್ಟೆ, ಹೊಟ್ಟೆಯುರಿ ಇನ್ನೂ ಆರಿಲ್ಲ. ಕಾಯುವ ಹೊತ್ತಿನ ಕೂಲಿಯನ್ನೂ ಸೇರಿಸಿಯೇ ಬಾಡಿಗೆ ಕುದುರಿಸಿ, ಪೂರ್ತಿ ಹಣವನ್ನು ಊರು ಮುಟ್ಟಿದ ಮೇಲೆಯೇ ಕೊಡಿ. ಸ್ವಂತ ಬೈಕ್ ಇದ್ದರೆ ಈ ತಾಪತ್ರಯವೇ ಇಲ್ಲ.

ನಡಿಗೆ ದೊಡ್ಡದೇನಲ್ಲ. ಮಲೆನಾಡಿನ ದಟ್ಟ ಕಾಡನ್ನು ನೆನೆಸಿಕೊಂಡು ಬಂದವರಿಗೆ ನಿರಾಸೆಯಾದೀತು. ಇದು ಬಯಲುಸೀಮೆಯ ಕುರುಚಲು ಕಾಡು. ಮಾವನವರ ಧೋತರದ ಅಂಚು ಹೆಜ್ಜೆಹೆಜ್ಜೆಗೂ ಜಾಲಿ ಮುಳ್ಳಿಗೆ ಸಿಕ್ಕಿ, ಬಿಡಿಸುವುದೇ ನನ್ನ ಕೆಲಸವಾಯಿತು. ರಬ್ಬರ್ ಚಪ್ಪಲಿ ಖಂಡಿತ ಬೇಡ. ಬಂಡೆಗಳು ಪದರಪದರವಾಗಿವೆ, ಮೇಲೆ ಒಣಗಿದಂತೆ ಕಂಡರೂ ಸಂದಿನಲ್ಲಿ ಪಾಚಿ ಕಟ್ಟಿರುತ್ತದೆ. ಕೆಂಪು ನೀರು ಅದಕ್ಕೆ ಬಡಿದು ಚಿಮ್ಮುವುದನ್ನು ದೂರದಿಂದಲೇ ನೋಡಿ, ಮೊಬೈಲ್ ಹಿಡಿದು ಅಂಚಿಗೆ ಹೋಗಬೇಡಿ. ಮೇಲ್ಭಾಗದಲ್ಲಿ ಶಿರೂರಿನ ಅಣೆಕಟ್ಟು ಇದೆ. ಇಲ್ಲಿ ಬಿಸಿಲಿದ್ದರೂ ಅಲ್ಲಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಲಪಾತದ ಬಳಿ ಊಟ ಸಿಗುತ್ತದೆಂದು ನಂಬಿ ಹೋಗಬೇಡಿ, ಗೋಕಾಕದಲ್ಲೇ ಉಂಡು ಹೊರಡಿ. ನಾವು ಉಂಡದ್ದು ನಿಲ್ದಾಣದ ಹಿಂದಿನ ಓಣಿಯ, ಫಲಕವೂ ಇಲ್ಲದ ಖಾನಾವಳಿಯಲ್ಲಿ. ಒಲೆಯ ಮುಂದೆ ಕುಳಿತ ಅಕ್ಕ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತದೆ, ಅದನ್ನೇ ಹಿಡಿದು ಹೋಗಿ. ಉಬ್ಬಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ತಟ್ಟೆಯ ಅಂಚಿನಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಎಲ್ಲ ಸೇರಿ 80 ರೂಪಾಯಿ. ಮಾವನವರು ಸಾಕೆಂದು ಕೈ ಅಡ್ಡ ಹಿಡಿದರೂ ಆ ಅಕ್ಕ "ಈ ವಯಸ್ಸಿಗೆ ಎರಡೇ ರೊಟ್ಟಿಯೇ ಕಾಕಾ?" ಎಂದು ಬೆರಳ ಸಂದಿನಿಂದಲೇ ಇನ್ನೊಂದು ಜಾರಿಸಿದರು. ಬೇಳೆಸಾರು ಮಾತ್ರ ತೀರಾ ಖಾರ, ಮಕ್ಕಳಿಗೆ ಮೊಸರನ್ನವೇ ಲೇಸು. ಮಧ್ಯಾಹ್ನ ಒಂದೂವರೆ ದಾಟಿದರೆ ಎಣ್ಣೆಗಾಯಿ ಮುಗಿದಿರುತ್ತದೆ.