ಗಿಟಾರಲ್ಲಿ ಸ್ಪೇನ್ ಹುಡುಕ್ಲಿಕ್ಕೆ ಹೋದ್ರೆ ವಕುಳಾಭರಣ ಸಿಕ್ತು

ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು, ಉಡುಪಿಯಲ್ಲಿ ಇದೆಂತ ಹೊಸತಲ್ಲ ಬಿಡಿ, ಗಿಟಾರ್ ಹಿಡ್ಕೊಂಡು ಚಾವಡಿಯಲ್ಲಿ ಕೂತು ಎ ಮೈನರ್, ಜಿ, ಎಫ್, ಇ ಅಂತ ಇಳೀತಾ ಇದ್ದೆ. ಸ್ಪೇನಿನ ಫ್ಲಮೆಂಕೋ ಸಂಗೀತದಲ್ಲಿ ಪದೇ ಪದೇ ಸಿಗುವ ಆಂಡಲೂಸಿಯನ್ ಕೇಡೆನ್ಸ್, ಅಂದ್ರೆ ಇಳಿಯುವ ಕಾರ್ಡ್‌ಗಳ ಸಾಲು, ಇದು. ಮಜಾ ಎಂತ ಗೊತ್ತುಂಟಾ, ಇಲ್ಲಿ ಬಂದು ನಿಲ್ಲುವ ಮನೆ ಎ ಅಲ್ಲ, ಇ. ಎಫ್‌ನಿಂದ ಇಗೆ ಒಂದೇ ಫ್ರೆಟ್ (ಅರ್ಧ ಸ್ವರ) ಜಾರುವುದು, ಅರ್ಧ ಸ್ಪೇನ್ ಅಲ್ಲೇ ಉಂಟು.

ಇಯನ್ನೇ ಷಡ್ಜ ಮಾಡಿ ಇ ಎಫ್ ಜಿ ಎ ಬಿ ಸಿ ಡಿ ನುಡಿಸಿದ್ರೆ ಫ್ರಿಜಿಯನ್ ಮೋಡ್ ಅನ್ನುವ ಪಾಶ್ಚಾತ್ಯ ಸ್ವರಸಾಲು, ನಮ್ಮ ಕರ್ನಾಟಕ ಸಂಗೀತದ 8ನೇ ಮೇಳ (ಮೂಲರಾಗ) ಹನುಮತೋಡಿಯ ಸ್ವರಗಳೇ. ಜಿ ಬದಲು ಜಿ ಶಾರ್ಪ್, ಅಂದ್ರೆ ಅಂತರ ಗಾಂಧಾರ ಹಾಕಿ ನೋಡಿ, ಫ್ರಿಜಿಯನ್ ಡಾಮಿನೆಂಟ್, ಸೀದಾ 14ನೇ ಮೇಳ ವಕುಳಾಭರಣ! ಒಳಗಿಂದ ಅಮ್ಮ "ಎಂತ ಮಾರಾಯ, ಮಾಯಾಮಾಳವಗೌಳ ನುಡಿಸ್ತಾ ನಿಷಾದ ತಪ್ಪಿಸ್ತಿದ್ದೀಯಲ್ಲ" ಅಂದ್ರು. ಕಿವಿ ಅಂದ್ರೆ ಅದು! ಕಾಕಲಿ ಬದಲು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಕೈಶಿಕಿ ನಿಷಾದ, ಅಷ್ಟೇ ವ್ಯತ್ಯಾಸ.

ಫ್ಲಮೆಂಕೋದವರು ಹೆಚ್ಚಾಗಿ ಹತ್ತುವಾಗ ಜಿ ಶಾರ್ಪ್, ಇಳಿಯುವಾಗ ಬರೀ ಜಿ ಹಿಡೀತಾರೆ. ಎಫ್ ಕಾರ್ಡಲ್ಲಿ ಸಪೂರದ ಎರಡು ತಂತಿ ಓಪನ್ ಬಿಟ್ರೆ ಇನ್ನೂ ಚಂದ. ನಾನು ಮಾತ್ರ ಅಭ್ಯಾಸಬಲದಿಂದ ರಿಷಭಕ್ಕೆ ಸ್ವಲ್ಪ ಗಮಕ (ಸ್ವರದ ಓಲಾಟ) ಕೊಟ್ಟೆ ನೋಡಿ, ಸ್ಪೇನ್ ಹೋಗಿ ನಮ್ಮೂರ ರಥಬೀದಿ ಬಂತು.