ಬ್ಯಾಟರಿ ಚೆನ್ನಾಗೇ ಇತ್ತು

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ಹುಡುಗರು ತಳ್ಳಿಕೊಟ್ಟರು. ಹೇಗೋ ಬನ್ನಿಮಂಟಪದ ಕಡೆ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ತಲುಪಿದೆ.

'ಬ್ಯಾಟರಿ ಹೋಗಿರಬೇಕು ಅಲ್ವಾ ಅಣ್ಣ?' ಅಂದೆ.

'ಇರಿ ಸಾರ್, ನೋಡೋಣ' ಅಂದರು.

ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಎರಡು ಟರ್ಮಿನಲ್‌ಗೂ ಮೀಟರ್‌ನ ವೈರ್ ಮುಟ್ಟಿಸಿದರು. 12.2 ವೋಲ್ಟ್. 'ಇದು ಹದಿನಾಲ್ಕರ ಆಸುಪಾಸು ಇರಬೇಕು ಸಾರ್. ಬ್ಯಾಟರಿಗೆ ಚಾರ್ಜೇ ಹೋಗ್ತಿಲ್ಲ.' ಇಂಜಿನ್ ಆಫ್ ಮಾಡಿ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕಡೆ ಟಾರ್ಚ್ ಬಿಟ್ಟು, ಅದನ್ನು ತಿರುಗಿಸುವ ಬೆಲ್ಟನ್ನು ಬೆರಳಲ್ಲಿ ಒತ್ತಿ ತೋರಿಸಿದರು. ಸಡಿಲ. ಒಳಮೈ ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು. ಅದು ಜಾರುತ್ತಿದ್ದರೆ ಆಲ್ಟರ್ನೇಟರ್ ಸರಿಯಾಗಿ ತಿರುಗುವುದಾದರೂ ಹೇಗೆ!

ಹೊಸ ಬೆಲ್ಟ್ ಹಾಕಿ, ಟರ್ಮಿನಲ್ ಮೇಲಿದ್ದ ಬಿಳಿ ಪುಡಿ ಉಜ್ಜಿ ತೆಗೆದರು. ಈಗ 13.9. ಹೆಡ್‌ಲೈಟ್, ಎಸಿ ಎರಡೂ ಹಾಕಿಸಿದರು. 13.7. ಅಷ್ಟೇ ಇಳಿದದ್ದು.

ಸುಮ್ನೆ ಹೊಸ ಬ್ಯಾಟರಿ ಮಾರಬಹುದಿತ್ತು. ನಾನೂ ತಗೊಳ್ಳೋಕೆ ರೆಡಿ ಇದ್ದೆ. ಆದರೆ ಪ್ರತಿ ಸಲವೂ ಮೀಟರನ್ನು ನನ್ನ ಕಡೆ ತಿರುಗಿಸಿ, ಅಂಕಿ ತೋರಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದರು. ಇಂಥವರನ್ನು ಕಂಡರೆ ಗೌರವ ತಾನಾಗೇ ಬರುತ್ತದೆ.

ನಿಮ್ಮ ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ, ಬದಲಿಸುವ ಮುಂಚೆ ಇಂಜಿನ್ ಓಡುವಾಗ ಒಮ್ಮೆ ವೋಲ್ಟೇಜ್ ನೋಡಿಸಿ. ನಾಳೆ ಮಂಡ್ಯಕ್ಕೆ ಅದೇ ಹಳೇ ಬ್ಯಾಟರಿಯಲ್ಲೇ ಹೊರಡುತ್ತಿದ್ದೇನೆ.